ತೆಗೆದುಬಿಡಿ, ಅತ್ತೆ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. 'ಹಲ್ಲಿನ ಮೇಡಂ' ಅಂದರೆ ಸಾಕು, ಮೂಲೆಯ ಅಂಗಡಿಯವನು ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟು ಮನೆ ತೋರಿಸುತ್ತಾನೆ. ಅವಳು ಡಾಕ್ಟರಲ್ಲ, ನರ್ಸೂ ಅಲ್ಲ. ಹಲ್ಲಿನ ಸೆಟ್ಟು ಕಟ್ಟುವ ಲ್ಯಾಬಿನಲ್ಲಿ ಕೆಲಸ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅವಳು ಅದಕ್ಕೆ ಪ್ಲಾಸ್ಟರ್ ಹುಯ್ದು, ಗುಳ್ಳೆ ಏಳದ ಹಾಗೆ ನಡುಗುವ ಮೇಜಿನ ಮೇಲಿಟ್ಟು, ಗಟ್ಟಿಯಾದ ಮೇಲೆ ಗುಲಾಬಿ ಮೇಣದಲ್ಲಿ ಒಸಡು ತಿದ್ದಿ ಒಂದೊಂದೇ ಹಲ್ಲು ನೆಡುತ್ತಾಳೆ.

"ಊರೋರ ನಗು ಎಲ್ಲ ನೀನೇ ಮಾಡಿಕೊಡ್ತೀಯ. ನೀನು ಮಾತ್ರ ಹಲ್ಲು ಬಿಡಲ್ಲ ನೋಡು," ಎಂದು ಅತ್ತೆ ಚುಡಾಯಿಸುವುದುಂಟು.

ಮೊದಲೆಲ್ಲ ನಗುತ್ತಿದ್ದಳು. ಮಗ ಗುಂಡನಿಗೆ ಫಿಟ್ಸ್ ಬಂದ ದಿನದಿಂದ ನಗು ತುಟಿಯವರೆಗೆ ಬಂದು ಅಲ್ಲೇ ನಿಲ್ಲುತ್ತದೆ. ಗುಂಡನಿಗಾಗ ಒಂದೂವರೆ ವರ್ಷ. ಬೆಳಿಗ್ಗೆ ಮೈ ಸ್ವಲ್ಪ ಬೆಚ್ಚಗಿತ್ತು, ಅಷ್ಟೇ. ಇವತ್ತು ಸ್ನಾನ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸೋಣ ಎಂದು ಮಡಿಲಲ್ಲಿ ಮಲಗಿಸಿಕೊಂಡಿದ್ದಳು. ನೋಡನೋಡುತ್ತಿದ್ದ ಹಾಗೆ ಕಣ್ಣುಗುಡ್ಡೆ ಮೇಲೆ ಸರಿದು ಬರೀ ಬಿಳಿ ಕಂಡಿತು. ಕೈಕಾಲು ಸೆಟೆದುಕೊಂಡವು. ತುಟಿ ನೀಲಿಯಾಯಿತು. ಕೂಗಬೇಕೆಂದು ಬಾಯಿ ತೆರೆದರೆ ಅವಳ ಗಂಟಲಿಂದ ಸದ್ದೇ ಹೊರಡಲಿಲ್ಲ. ಕೂಗಿದ್ದು ಅತ್ತೆ. ಎದುರು ಮನೆಯ ಡ್ರೈವರಣ್ಣ ಬರಿಗಾಲಲ್ಲೇ ಓಡಿ ಬಂದು, ತನ್ನ ವ್ಯಾನಿನಲ್ಲಿ ಆಸ್ಪತ್ರೆಗೆ ಮುಟ್ಟಿಸಿದ.

"ಜ್ವರ ಏರಿದಾಗ ಕೆಲವು ಮಕ್ಕಳಿಗೆ ಹೀಗಾಗುತ್ತಮ್ಮಾ. ದೊಡ್ಡವನಾಗ್ತಾ ತಾನಾಗೇ ಹೋಗುತ್ತೆ. ಹೆದರ್ಬೇಡಿ," ಎಂದರು ಮಕ್ಕಳ ಡಾಕ್ಟರು. ಹೆದರಬೇಡಿ ಎಂದವರೇ ಆಮೇಲೆ ಹೆದರಿಕೆಯ ಪಾಠವನ್ನೂ ಹೇಳಿಕೊಟ್ಟರು. ಮಗ್ಗುಲಿಗೆ ಮಲಗಿಸಿ. ಬಾಯಿಗೆ ಚಮಚ ಗಿಮಚ ತುರುಕಬೇಡಿ. ಐದು ನಿಮಿಷ ಕಳೆದರೂ ನಿಲ್ಲದಿದ್ದರೆ ಮೂಗಿಗೆ ಈ ಸ್ಪ್ರೇ ಬಿಡಿ, ಕೂಡಲೇ ಕರೆದುಕೊಂಡು ಬನ್ನಿ. ಆಮೇಲೆ ಮಗು ಜೋರಾಗಿ ಅತ್ತರೆ ನೀವು ಸಮಾಧಾನ ಮಾಡಿಕೊಳ್ಳಿ; ಅಳುವುದಕ್ಕೆ ಉಸಿರು ಬೇಕಲ್ಲ.

ಆವತ್ತಿನಿಂದ ಅವಳಿಗೆ ಎರಡು ಭಯ. ಫೋನು ಹೊಡೆದುಕೊಂಡರೆ ಒಂದು, ಹೊಡೆದುಕೊಳ್ಳದಿದ್ದರೆ ಇನ್ನೊಂದು. ಲ್ಯಾಬಿನಲ್ಲಿ ಫೋನುಗಳಿಗೆಲ್ಲ ಬಾಗಿಲ ಹತ್ತಿರದ ಗೂಡೇ ಗತಿ. ಪ್ಲಾಸ್ಟರ್ ಧೂಳು, ಮೇಣದ ಕೈ. ಯಜಮಾನರು ಅವಳೊಬ್ಬಳಿಗೆ ಮಾತ್ರ ವಿನಾಯಿತಿ ಕೊಟ್ಟಿದ್ದರು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಫೋನು ಸ್ಪಿರಿಟ್ ದೀಪದ ಪಕ್ಕದಲ್ಲಿ ಅಂಗಾತ ಮಲಗಿರುತ್ತಿತ್ತು. ಪ್ರತಿ ಹಲ್ಲಿಗೊಮ್ಮೆ ಅದರ ಮುಖ ನೋಡುತ್ತಿದ್ದಳು.

ಕೆಲಸ ಬಿಡುವ ಹಾಗಿರಲಿಲ್ಲ. ಗಂಡ ಲಿಫ್ಟ್ ಮೆಕ್ಯಾನಿಕ್ಕು. ಲಿಫ್ಟಿನ ಗುಂಡಿಗೆ ಇಳಿದನೆಂದರೆ ಸಿಗ್ನಲ್ಲೇ ಸಿಗದು. ಹಗಲಿಡೀ ಮಗುವಿನ ಜೊತೆ ಮನೆಯಲ್ಲಿರುವವರು ಅತ್ತೆ ಒಬ್ಬರೇ.

ಅತ್ತೆಗೆ ಓದು ಬರಹ ಬಾರದು. ಅದೊಂದು ಬಿಟ್ಟರೆ ಬಾರದ್ದಿಲ್ಲ. ರಟ್ಟಿನ ಪೆಟ್ಟಿಗೆ ಮಡಿಸುವ ಕಾರ್ಖಾನೆಯಲ್ಲಿ ದುಡಿದು ಮೂರು ಮಕ್ಕಳನ್ನು ಸಾಕಿದವರು. ರಟ್ಟು ಉಜ್ಜೀ ಉಜ್ಜೀ ಬೆರಳ ತುದಿಗಳು ನುಣ್ಣಗಾಗಿವೆ, ಗೆರೆಯೇ ಇಲ್ಲ. ಲೆಕ್ಕ ಇವತ್ತಿಗೂ ಕಾರ್ಖಾನೆಯದೇ: ಇಪ್ಪತ್ತಾದರೆ ಒಂದು ಕಟ್ಟು, ಮತ್ತೆ ಒಂದರಿಂದ ಶುರು. ಗಡಿಯಾರ ನೋಡಲು ಬಾರದ ಅತ್ತೆಗೆ ಐದು ನಿಮಿಷ ಎಂದರೆ ಎಷ್ಟೆಂದು ಅವಳು ಜೊತೆಗೆ ಕೂತು ಎಣಿಸಿ ಹೇಳಿಕೊಟ್ಟಿದ್ದಳು. ಅವಸರ ಮಾಡದೆ ಎಣಿಸಿದರೆ ಹದಿನೈದು ಕಟ್ಟು. ಹದಿನೈದಾಯಿತೆಂದರೆ ಸ್ಪ್ರೇ.

ಉಳಿದದ್ದು ಫೋನಿನ ಮಾತು. ಅತ್ತೆಗೆ ಯಾವ ಥರದ ಫೋನು ಕೊಡಬೇಕೆಂದು ಒಂದು ಭಾನುವಾರ ಮನೆಯಲ್ಲಿ ಪಂಚಾಯಿತಿಯೇ ನಡೆಯಿತು. ಫೋನ್ ರಿಪೇರಿ ಅಂಗಡಿಯಲ್ಲಿ ಕೂರುವ ಮೈದುನ ಒಂದು ಕಡೆ, ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುವ ಅವಳ ಅಕ್ಕ ಇನ್ನೊಂದು ಕಡೆ. ಮೈದುನನ ಪಕ್ಷ ತೆರೆದ ಫೋನು: ಯಾರು ಬರೆದ ಆ್ಯಪ್ ಆದರೂ ಎಲ್ಲಿಂದಾದರೂ ತಂದು ಹಾಕಿಕೊಳ್ಳಬಹುದು, ಮುಖಪುಟವನ್ನೇ ಬೇಕಾದ ಹಾಗೆ ಬದಲಾಯಿಸಬಹುದು. ಅಕ್ಕನ ಪಕ್ಷ ಬೀಗದ ಫೋನು: ಕಂಪನಿಯದೇ ಆ್ಯಪ್ ಅಂಗಡಿಯಲ್ಲಿ ಪಾಸಾದದ್ದಷ್ಟೇ ಒಳಗೆ, ಉಳಿದದ್ದಕ್ಕೆ ಪ್ರವೇಶವಿಲ್ಲ.

"ಇದು ಸ್ವಂತ ಮನೆ ಇದ್ದಂಗೆ ಅತ್ತಿಗೆ," ಎಂದ ಮೈದುನ. "ಗೋಡೆಗೆ ಮೊಳೆ ಹೊಡೀಬೇಕಾ, ಹೊಡ್ಕೋ. ಯಾರನ್ನೂ ಕೇಳ್ಬೇಕಾಗಿಲ್ಲ. ಅಕ್ಕಂದು ಬಾಡಿಗೆ ಮನೆ. ಓನರ್ ಹೇಳಿದ್ದಷ್ಟೇ."

"ಹೂಂನಪ್ಪಾ, ಬಾಡಿಗೆ ಮನೇನೇ. ಆದ್ರೆ ನಮ್ಮ ಓನರ್ ಗೇಟಲ್ಲಿ ವಾಚ್‌ಮನ್ ಇಟ್ಟಿದಾನೆ. ನಿಮ್ಮನೇಲಿ ದಾರೀಲಿ ಹೋಗೋರೆಲ್ಲ ಅಡುಗೆಮನೇವರೆಗೂ ಬಂದು ಕೂತಿರ್ತಾರೆ."

"ಒಂದು ಮೊಳೆ ಹೊಡಿಯೋಕೂ ಪರ್ಮಿಷನ್ ಕೇಳೋ ಮನೇಲಿ ಹೆಂಗಿರ್ತೀರೋ ಮಾರಾಯ್ತಿ!"

"ನನಗೆ ಮೊಳೆ ಯಾಕೋ ಬೇಕು? ನೇತುಹಾಕೋಕೆ ನಿನ್ನನ್ನಾ?"

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಗುಂಡನನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಅಂದರು, "ಯಾವ ಮನೆಯಾದ್ರೂ ಆಗ್ಲಿ ಕಣ್ರಪ್ಪಾ. ನಾನು ಕೂಗಿದ್ರೆ ಇವಳಿಗೆ ಕೇಳ್ಬೇಕು. ಅಷ್ಟು ಮಾಡಿಕೊಡಿ ಸಾಕು."

ಅಷ್ಟು ಮಾಡಿಕೊಟ್ಟವನು ಮೈದುನ. ಯಾರೋ ಪುಣ್ಯಾತ್ಮರು ಬರೆದಿಟ್ಟ ಒಂದು ಆ್ಯಪನ್ನು ಹುಡುಕಿ, ಫೈಲನ್ನು ಮೆಸೇಜಿನಲ್ಲಿ ಕಳಿಸಿಕೊಂಡು ಹಾಕಿದ. ಅಮ್ಮನ ಹಳೆಯ ಫೋನಿನ ತುಂಬ ಈಗ ನಾಲ್ಕೇ ನಾಲ್ಕು ಮುಖ, ಒಂದೊಂದೂ ಬಟ್ಟಲಿನಷ್ಟು ದೊಡ್ಡದು: ಸೊಸೆ, ದೊಡ್ಡ ಮಗ, ಚಿಕ್ಕ ಮಗ, ಎದುರು ಮನೆ ಡ್ರೈವರಣ್ಣ. ಮುಖ ಒತ್ತಿದರೆ ಕರೆ ಹೋಯಿತು. ಬೀಗ ಇಲ್ಲ, ನಂಬರ್ ಇಲ್ಲ. ಕೆಳಗೊಂದು ಮೂಲೆಯಲ್ಲಿ ಮೆಸೇಜಿನ ಚಿತ್ರ. ಗುಂಡನ ವೀಡಿಯೋ ಬಂದರೆ ನೋಡುವುದಕ್ಕೆ. "ಏನಾದ್ರೂ ಕೇಳಿದ್ರೆ ಬಲಗಡೇದು ಒತ್ತಮ್ಮ," ಎಂದು ಹೇಳಿಕೊಟ್ಟ.

ಅತ್ತೆ ಅದಕ್ಕೆ 'ಮುಖದ ಫೋನು' ಎಂದು ಹೆಸರಿಟ್ಟರು. "ಡ್ರೈವರಣ್ಣಂದು ಮುಖ ಎಲ್ಲಿದೆ, ಬರೀ ಮೀಸೆ," ಎಂದು ಆ ಚೌಕಕ್ಕೆ 'ಮೀಸೆ' ಅಂದರು. ಅಲ್ಲಿಗೆ ಅವಳ ಎದೆಯ ಮೇಲಿನ ಕಲ್ಲು ಒಂದು ಬೊಗಸೆಯಷ್ಟು ಹಗುರವಾಯಿತು.

ತಿಂಗಳುಗಟ್ಟಲೆ ಎಲ್ಲ ಸರಿಯಾಗಿಯೇ ನಡೆಯಿತು. ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿರುವಾಗ, ಹಲ್ಲಿಗೆ ಪಾಲಿಶ್ ಮಾಡುವ ಹೆಂಗಸು — ಲ್ಯಾಬಿಗೆಲ್ಲ ಅವಳು ಪಾಲಿಶ್ ಅಕ್ಕ — ತನ್ನ ತಮ್ಮನ ಕಥೆ ಹೇಳಿದಳು. ಅವನಿಗೆ ಗುರುತಿನವರ ನಂಬರಿನಿಂದಲೇ ಒಂದು ಫೈಲು ಬಂತಂತೆ. ಫೋಟೋ ಇರಬೇಕೆಂದು ಒತ್ತಿದ. ಒತ್ತಿದ್ದೇ ತಡ, ಅವನ ಫೋನು ಅವನ ಮಾತು ಕೇಳುವುದನ್ನೇ ಬಿಟ್ಟಿತು. ಅವನ ಹೆಸರಲ್ಲಿ ಯಾರು ಯಾರಿಗೋ ಮೆಸೇಜು ಹೋದವು. ಕ್ಯಾಮೆರಾ ಕೂಡ ಫೈಲು ಕಳಿಸಿದ ಕಳ್ಳರ ಕೈಗೇ ಹೋಗಿತ್ತು ಎಂದು ಯಾರೋ ಹೇಳಿದರು.

"ಏನು ಚಿತ್ರ ಇತ್ತು ಅದ್ರ ಮೇಲೆ?"

"ಒಂದು ಹಕ್ಕಿ. ಪಾರಿವಾಳ ಅಂತೆ."

ಅವಳು ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಹಾಕಿದಳು. ಎದ್ದು ಹೋಗಿ ಮನೆಗೆ ಫೋನು ಮಾಡಿದಳು.

"ಅತ್ತೆ, ನಿಮ್ಮ ಫೋನಿಗೆ ಏನಾದ್ರೂ ಬಂದಿದ್ಯಾ? ಹಕ್ಕಿ ಚಿತ್ರ ಇರೋದು?"

"ನಿನ್ನೆನೇ ಬಂದಿದೆ ಕಣೇ. ಬಿಳೀ ಪಾರಿವಾಳ. ಗುಂಡಂಗೆ ತೋರಿಸ್ದೆ, ಕಾಕಾ ಅಂದ."

"ಅಯ್ಯೋ! ಅದನ್ನ ತೆಗೆದುಬಿಡಿ ಅತ್ತೆ."

"ತೆಗೆದುಬಿಡ್ಲಾ?"

"ಹೂಂ, ತೆಗೆದುಬಿಡಿ. ಈಗ್ಲೇ. ಫೋನ್ ಇಟ್ಟ ತಕ್ಷಣ."

ಸಂಜೆ ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ತೆಗೆದ್ರಾ?" "ತೆಗೆದೆ ತೆಗೆದೆ, ನೀನು ಹೇಳಿದ್ಮೇಲೆ ಬಿಡ್ತೀನಾ," ಎಂದರು ಅತ್ತೆ. ಅವಳು ಉಸಿರು ಬಿಟ್ಟು, ಗುಂಡನನ್ನು ಎತ್ತಿಕೊಂಡು, ಅವನ ಹಣೆಗೆ ಕೆನ್ನೆ ಒತ್ತಿ ಬಿಸಿ ನೋಡಿದಳು. ದಿನವೂ ಮಾಡುವ ಕೆಲಸ. ತಣ್ಣಗಿತ್ತು.

ಆಮೇಲೆ ಚಿಕ್ಕಪುಟ್ಟದ್ದು ಶುರುವಾಯಿತು. ಅತ್ತೆಯ ಫೋನು ಸುಮ್ಮನೆ ಇಟ್ಟಲ್ಲೇ ಬಿಸಿಯಾಗುತ್ತಿತ್ತು. ಬೆಳಿಗ್ಗೆ ತುಂಬಿಸಿದ ಚಾರ್ಜು ಮಧ್ಯಾಹ್ನಕ್ಕೆ ಖಾಲಿ. "ಹಳೇದಲ್ವಾ ಅತ್ತಿಗೆ, ಬ್ಯಾಟರಿ ಹೋಗಿರುತ್ತೆ, ಬದಲಾಯಿಸ್ತೀನಿ ಬಿಡಿ," ಎಂದ ಮೈದುನ. ಮುಟ್ಟದೆಯೇ ಪರದೆ ಬೆಳಗಿ ಆರುತ್ತದೆಂದು ಅತ್ತೆ ಹೇಳಿದಾಗ, ಗುಂಡನ ಕೈ ತಾಗಿರಬೇಕು ಎಂದುಕೊಂಡಳು. ತನಗೆ ಬೇಕಾದ ಹಾಗೆ ಅಂದುಕೊಳ್ಳುವುದು ಸುಲಭ.

ಆ ಬುಧವಾರ ಬೆಳಿಗ್ಗೆ ಗುಂಡನ ಮೈ ಬೆಚ್ಚಗಿತ್ತು. ಜ್ವರದ ಔಷಧಿ ಕುಡಿಸಿ, ಸ್ಪ್ರೇ ಅತ್ತೆಯ ಕಣ್ಣಿಗೆ ಬೀಳುವ ಕಡೆ ಇಟ್ಟು, ಹಿಂದೆ ತಿರುಗಿ ತಿರುಗಿ ನೋಡುತ್ತ ಕೆಲಸಕ್ಕೆ ಹೊರಟಳು. ಮಧ್ಯಾಹ್ನ, ಒಬ್ಬ ಅಜ್ಜನ ಮೇಲ್ದವಡೆಯ ಮುಂದಿನ ಹಲ್ಲು ಕೂರಿಸುತ್ತಿದ್ದಾಗ ಚೀಲದೊಳಗೆ ಫೋನು ಒಮ್ಮೆ ಗುಯ್ಯೆಂದಿತು. ಕರೆಯಲ್ಲ, ಮೆಸೇಜು. ಅತ್ತೆಯ ನಂಬರಿನಿಂದ.

'ನಮಸ್ಕಾರ. ಈ ಫೋಟೋಗಳಲ್ಲಿ ನೀವೂ ಇದ್ದೀರಿ. ತಪ್ಪದೆ ನೋಡಿ.' ಕೆಳಗೆ ಬಿಳಿ ಪಾರಿವಾಳ.

ಅವಳು ಅದನ್ನು ಎರಡು ಸಲ ಓದಿದಳು. ಮದುವೆಯಾಗಿ ಬಂದಂದಿನಿಂದ ಅತ್ತೆ ಅವಳಿಗೆ ನಮಸ್ಕಾರ ಹೇಳಿದವರಲ್ಲ, ನೀವು ಅಂದವರಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅತ್ತೆಗೆ ಬರೆಯಲು ಬಾರದು. ಅತ್ತೆಯ ಫೋನಿನೊಳಗೆ ಕೂತು ಬೇರೆ ಯಾರೋ ಬರೆಯುತ್ತಿದ್ದರು.

ಕರೆ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಸ್ವಿಚ್ ಆಫ್. ಗಂಡನಿಗೆ ಮಾಡಿದಳು, ವ್ಯಾಪ್ತಿ ಪ್ರದೇಶದ ಹೊರಗೆ. ಡ್ರೈವರಣ್ಣ ಎತ್ತಿದ. "ನಾನು ಬಾಡಿಗೆ ಮೇಲೆ ದೂರ ಬಂದಿದೀನಲ್ಲಮ್ಮಾ, ಯಾಕೆ, ಏನಾಯ್ತು?" ಏನಾಯಿತೆಂದು ಅವಳಿಗೆ ಗೊತ್ತಿದ್ದರೆ ತಾನೆ ಹೇಳುವುದು! ಮೇಣದ ಕೈ ಒರೆಸಿಕೊಳ್ಳದೆ, ಯಜಮಾನರಿಗೆ ಅರ್ಧ ಮಾತು ಹೇಳಿ ಓಡಿದಳು.

ಬಸ್ಸಿನಲ್ಲಿ ಕೂರಲಾಗಲಿಲ್ಲ. ಸೀಟು ಖಾಲಿಯಿದ್ದರೂ ಬಾಗಿಲ ಕಂಬಿ ಹಿಡಿದೇ ನಿಂತಳು. ಕಣ್ಣು ಮುಚ್ಚಿದರೆ ಗುಂಡನ ಕಣ್ಣಿನ ಬಿಳಿ. ತೆರೆದರೆ ಕೈಯಲ್ಲಿ ಫೋನು, ಅದರ ನೆತ್ತಿಯಲ್ಲಿ ಕ್ಯಾಮೆರಾದ ಪುಟ್ಟ ಕಪ್ಪು ಚುಕ್ಕೆ. ಆ ಚುಕ್ಕೆಯ ಆಚೆ ಯಾರಿದ್ದಾರೋ. ನಮ್ಮ ಹಾಸಿಗೆ, ನಮ್ಮ ಹಗ್ಗದ ಮೇಲಿನ ಬಟ್ಟೆ, ಗುಂಡ ಅಂಗಿ ಬಿಚ್ಚಿ ಕುಣಿಯುವುದು, ಇದನ್ನೆಲ್ಲ ಎಷ್ಟು ದಿನದಿಂದ ನೋಡುತ್ತಿದ್ದಾರೋ. ಅವರು ನೋಡುತ್ತಿರುವಾಗಲೇ ಮಗು ಸೆಟೆದುಕೊಂಡರೆ? ನೋಡುತ್ತಾ ಇರುತ್ತಾರೆ, ಅಷ್ಟೇ. ಒಂದು ಲೋಟ ನೀರು ಕೊಡಲಿಕ್ಕೂ ಬರುವುದಿಲ್ಲ. ಫೋನನ್ನು ಬೋರಲು ಹಾಕಿ ಎದೆಗೆ ಒತ್ತಿ ಹಿಡಿದಳು.

ಮನೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಎರಡೂ ಕೈಯಲ್ಲಿ ಬಡಿದಳು.

"ಯಾರು?"

"ನಾನು ಅತ್ತೆ! ಬಾಗಿಲು ತೆಗೀರಿ!"

ಗುಂಡ ಮಲಗಿದ್ದ. ಹಣೆಯ ಮೇಲೆ ಒದ್ದೆ ಬಟ್ಟೆ. ಮೈ ಸುಡುತ್ತಿತ್ತು, ಆದರೆ ಹೊಟ್ಟೆ ಏರಿ ಇಳಿಯುತ್ತಿತ್ತು, ಏರಿ ಇಳಿಯುತ್ತಿತ್ತು. ಅವಳು ನೆಲದ ಮೇಲೆ ಕೂತು ಅದನ್ನೇ ನೋಡಿದಳು.

"ಫೋನ್ ಎಲ್ಲಿ ಅತ್ತೆ?"

ಅತ್ತೆ ಅಡುಗೆಮನೆಯಿಂದ ಸ್ಟೀಲ್ ಡಬ್ಬಿ ತಂದರು. ಮುಚ್ಚಳ ಬಿಗಿದಿತ್ತು. ಒಳಗೆ ಟವೆಲ್ಲು, ಟವೆಲ್ಲಿನೊಳಗೆ ಫೋನು, ಬ್ಯಾಟರಿ ಸತ್ತು ತಣ್ಣಗಾಗಿತ್ತು.

"ತಾನಾಗೇ ಹತ್ಕೊಳ್ಳೋದು, ತಾನಾಗೇ ಆರೋದು, ಟಿಣ್ ಟಿಣ್ ಅನ್ನೋದು. ನಂಗೆ ಭಯ ಆಗಿ ಮುಚ್ಚಿಟ್ಟೆ. ಅದಕ್ಕೂ ಮುಂಚೆ ಮಗೂಗೆ ಜ್ವರ ಏರ್ತಿದೆ ಅಂತ ನಿನ್ನ ಮುಖ ಒತ್ತೋಣ ಅಂದ್ರೆ, ಮುಖಗಳೇ ಇರ್ಲಿಲ್ಲ ಕಣೇ. ಏನೇನೋ ಅಕ್ಷರ ಬಂದು ಕೂತಿತ್ತು. ನಿನ್ನ ಮುಖ ಇದ್ದ ಜಾಗಾನೇ ಒತ್ತಿದೆ. ಒತ್ತೀ ಒತ್ತೀ ಬೆರಳು ನೋವು ಬಂತು."

ಆ ನುಣ್ಣನೆ ಬೆರಳನ್ನು ಅವಳು ಕೈಯಲ್ಲಿ ಹಿಡಿದುಕೊಂಡಳು. "ಆ ಪಾರಿವಾಳದ್ದು ಆವತ್ತೇ ತೆಗೆದೆ ಅಂದ್ರಲ್ಲ ಅತ್ತೆ?"

"ತೆಗೆದೆ ಅಂತೀನಿ. ನೀನು ಫೋನ್ ಇಟ್ಟ ತಕ್ಷಣ ತೆಗೆದೆ. ಅದೇನೋ ಕೇಳ್ತು, ಬಲಗಡೆ ಒತ್ತಿದೆ. ಇನ್ನೊಂದು ಕೇಳ್ತು, ಅದಕ್ಕೂ ಬಲಗಡೆ. ಕೇಳಿದ್ದಕ್ಕೆಲ್ಲ ಹೂಂ ಅಂದೆ. ಕೊನೇಗೆ ನೋಡಿದ್ರೆ ಒಳಗೆ ಏನೂ ಇಲ್ಲ, ಖಾಲಿ ಡಬ್ಬಿ!"

ಒಳಗೆ. ಆ ಒಂದು ಮಾತಿನಲ್ಲಿ ಅವಳಿಗೆ ಎಲ್ಲ ತಿಳಿಯಿತು. ಈಗಷ್ಟೇ ಬಾಗಿಲ ಹೊರಗೆ ನಿಂತು ತಾನೇ ಕೂಗಿರಲಿಲ್ಲವೇ, ತೆಗೀರಿ ಎಂದು? ಕಿಟಕಿ ತೆಗೆ, ಮುಚ್ಚಳ ತೆಗೆ, ಬೀರು ತೆಗೆ. ಅತ್ತೆಯ ಬದುಕಿನಲ್ಲಿ ತೆಗೆಯುವುದೆಂದರೆ ಒಳಗೇನಿದೆ ಎಂದು ನೋಡುವುದು. ಇಲ್ಲದ ಹಾಗೆ ಮಾಡುವುದಕ್ಕೆ ಅವರು ಒರೆಸು ಅನ್ನುತ್ತಾರೆ, ಬಿಸಾಕು ಅನ್ನುತ್ತಾರೆ. ಎರಡಕ್ಕೂ ಒಂದೇ ಮಾತು ಆಡಿದವಳು ಇವಳು. ಕಳ್ಳನಿಗೆ ಬಾಗಿಲು ತೆಗೆಯಿರಿ ಎಂದು ಫೋನು ಮಾಡಿ ಹೇಳಿದ ಹಾಗಾಗಿತ್ತು.

ಅತ್ತೆಯ ಮುಖ ಸಣ್ಣದಾಯಿತು. "ನಾನೇ ಏನಾದ್ರೂ ಎಡವಟ್ಟು ಮಾಡಿದ್ನಾ?"

"ಇಲ್ಲ ಅತ್ತೆ. ನೀವು ನಾನು ಹೇಳಿದ್ದನ್ನೇ ಮಾಡಿದ್ದೀರ," ಎಂದಳು. ಅದು ಬರೀ ಸಮಾಧಾನದ ಮಾತಾಗಿರಲಿಲ್ಲ.

ಸಂಜೆ ಮೈದುನ ಬಂದು ಫೋನನ್ನು ತಿರುಗಿಸಿ ಮುರುಗಿಸಿ ನೋಡಿದ. ಅವನ ತಮಾಷೆ ಆವತ್ತು ಹೊರಬರಲಿಲ್ಲ. ಮುಖದ ಆ್ಯಪನ್ನು ಮೆಸೇಜಿನಿಂದ ಹಾಕುವಾಗ, ಹೀಗೆ ಹೊರಗಿನಿಂದ ಬಂದದ್ದನ್ನು ಬಿಟ್ಟುಕೊಳ್ಳಲೇ ಎಂದು ಫೋನು ಕೇಳಿತ್ತು. ಅವನು ಹೂಂ ಎಂದಿದ್ದ. ಕೆಲಸ ಮುಗಿದ ಮೇಲೆ ಇನ್ನು ಬೇಡ ಅನ್ನುವುದನ್ನು ಮರೆತಿದ್ದ. ಮುಖಗಳು ಬಂದ ಬಾಗಿಲಿನಿಂದಲೇ ಪಾರಿವಾಳವೂ ಬಂದಿತ್ತು.

"ಗುಂಡನ ವೀಡಿಯೋ ಎಲ್ಲ ಅವ್ರಿಗೆ ಹೋಗಿರುತ್ತಾ?" ಎಂದು ಕೇಳಿದಳು.

"ಹೋಗಿರ್ಲೂಬಹುದು ಅತ್ತಿಗೆ. ಇಲ್ದೇನೂ ಇರ್ಬಹುದು. ಗೊತ್ತಾಗಲ್ಲ," ಎಂದ ಅವನು, ಅವಳ ಮುಖ ನೋಡದೆ.

ಆ 'ಗೊತ್ತಾಗಲ್ಲ' ಅವಳೊಳಗೆ ಹೊಕ್ಕು ಕೂತಿತು.

ಮಾರನೆಯ ದಿನ ಅಕ್ಕ ತನ್ನ ಹಳೆಯ ಬೀಗದ ಫೋನನ್ನು ಸೆರಗಿನಲ್ಲಿ ಸುತ್ತಿ ತಂದಳು. "ನಾನು ಆವತ್ತೇ ಬಡ್ಕೊಂಡೆ," ಎಂದು ಶುರು ಮಾಡಿದವಳು ತಂಗಿಯ ಕಣ್ಣು ನೋಡಿ ಅಲ್ಲಿಗೇ ನಿಲ್ಲಿಸಿದಳು. "ತಗೋ, ಇದನ್ನ ಅತ್ತೆಗೆ ಕೊಡು. ಇದರೊಳಗೆ ಯಾವ ಪಾರಿವಾಳಾನೂ ಗೂಡು ಕಟ್ಟಲ್ಲ."

ಅವಳಿಗೂ ಬೇಕಿದ್ದದ್ದು ಅದೇ. ಬಾಗಿಲು ಹಾಕಿಕೊಂಡು ಒಳಗೆ ಕೂರಬೇಕು, ಅಷ್ಟೇ. ಆದರೂ ಕೊಡುವ ಮೊದಲು ಒಮ್ಮೆ ಪರೀಕ್ಷೆ ಮಾಡೋಣ ಎಂದಳು. ಬಾಯಿಗೆ ಕೂರುತ್ತದೋ ಇಲ್ಲವೋ ನೋಡದೆ ಹಲ್ಲಿನ ಸೆಟ್ಟನ್ನು ಯಾರೂ ಕೈಗೆ ಕೊಡುವುದಿಲ್ಲ.

"ಅತ್ತೆ, ಈಗ ಗುಂಡಂಗೆ ಫಿಟ್ಸ್ ಬಂತು ಅಂದ್ಕೊಳ್ಳಿ—"

"ಬಿಡ್ತು ಅನ್ನು! ಬಿಡ್ತು ಅನ್ನು ಮೊದ್ಲು!"

"ಬಿಡ್ತು. ಆಯ್ತು, ಗುಂಡ ಹಟ ಮಾಡ್ತಿದಾನೆ ಅಂದ್ಕೊಳ್ಳಿ. ನನಗೆ ಫೋನ್ ಮಾಡಿ."

ಅತ್ತೆ ಫೋನು ಎತ್ತಿದರು. ಅಕ್ಕ ಆಗಷ್ಟೇ ಸೇರಿಸಿಕೊಟ್ಟಿದ್ದ ಬೆರಳಿನ ಗುರುತನ್ನು ಅದು ಕೇಳಿತು. ಒತ್ತಿದರು. ಒಪ್ಪಲಿಲ್ಲ. ಬೆರಳನ್ನು ಸೆರಗಿಗೆ ಒರೆಸಿ ಒತ್ತಿದರು. ಇನ್ನೊಂದು ಬೆರಳು, ಮತ್ತೊಂದು ಬೆರಳು. ರಟ್ಟು ಗೆರೆ ಉಳಿಸಿದ್ದರೆ ತಾನೆ! ಫೋನು ನಂಬರ್ ಕೇಳಿತು. ಆ ಬೀಗವನ್ನೂ ಅಕ್ಕ ಬಿಡಿಸಿಕೊಟ್ಟಳು. ಆಮೇಲೆ ಸಾಲು ಸಾಲು ಚಿತ್ರ. ಅದರೊಳಗೆ ಕರೆಯ ಹಸಿರು ಚಿತ್ರ, ಹಸಿರಿನೊಳಗೆ ಪಟ್ಟಿ, ಪಟ್ಟಿಯಲ್ಲಿ ಅಂಗಿಯ ಗುಂಡಿಯಷ್ಟು ಚಿಕ್ಕದಾಗಿ ಅವಳ ಮುಖ. ಮೈದುನನ ಮುಖದ ಆ್ಯಪು ಅದರಲ್ಲಿ ಕೂರಲಿಲ್ಲ. ಈಚಿನ ಹೊಸ ಫೋನುಗಳಲ್ಲಿ ಏನಾದರೂ ದಾರಿ ಇರಬಹುದೆಂದ ಅವನು. ಈ ಹಳೆಯದು ಒಪ್ಪಲಿಲ್ಲ. ಅತ್ತೆಯ ಬೆರಳು ಹಸಿರಿನ ಪಕ್ಕದ್ದಕ್ಕೆ ಬಿತ್ತು. ಎಲ್ಲಿಗೋ ಹೋಯಿತು. ಹಿಂದೆ ಬರಲು ತಿಳಿಯದೆ ಅತ್ತೆ ಅವಳ ಮುಖ ನೋಡಿದರು.

ಅವಳು ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಏಳು ಕಟ್ಟು ಆಗಿತ್ತು, ಫೋನು ಇನ್ನೂ ಹೊಡೆದುಕೊಂಡಿರಲಿಲ್ಲ. ಎದುರಿಗೆ ಗುಂಡ ಚೆಂಡು ಉರುಳಿಸುತ್ತಿದ್ದ. ಅವನು ನಿಜವಾಗಿ ಸೆಟೆದುಕೊಂಡಿದ್ದರೆ?

ಈ ಫೋನು ಯಾರನ್ನೂ ಒಳಗೆ ಬಿಡುವುದಿಲ್ಲ ನಿಜ. ಅತ್ತೆಯನ್ನೂ ಬಿಡುವುದಿಲ್ಲ.

"ಮುಖದ ಫೋನೇ ಕೊಡು," ಎಂದಳು ಮೈದುನನಿಗೆ. "ಪೂರ್ತಿ ತೊಳೆದು ಹೊಸದರ ಹಾಗೆ ಮಾಡು. ಮುಖ ಹಾಕು. ಹಾಕಿದ್ಮೇಲೆ ಆ ಹೂಂ ಅಂದಿದ್ಯಲ್ಲ, ಅದಕ್ಕೆ ನನ್ನ ಕಣ್ಣೆದುರಿಗೇ ಬೇಡ ಅನ್ನು. ಮೆಸೇಜು ಬೇಡ. ನೆಟ್ಟೇ ಬೇಡ."

"ನೆಟ್ ಇಲ್ದೆ ಇಷ್ಟು ದೊಡ್ಡ ಫೋನ್ ಯಾಕೆ ಅತ್ತಿಗೆ?"

"ಮುಖಕ್ಕೆ."

ಅಕ್ಕನ ಫೋನನ್ನು ತಾನಿಟ್ಟುಕೊಂಡಳು. ಅವಳ ಬೆರಳಿಗೆ ಗೆರೆಯಿತ್ತು, ಅವಳಿಗೆ ಓದಲು ಬರುತ್ತಿತ್ತು. ಮಗುವಿನ ಫೋಟೋ, ಆಸ್ಪತ್ರೆಯ ರಿಪೋರ್ಟು, ಬ್ಯಾಂಕು ಎಲ್ಲ ಇರುವುದು ತನ್ನ ಫೋನಿನಲ್ಲಿ. ವಾಚ್‌ಮನ್ ಬೇಕಾದದ್ದು ಅಲ್ಲಿ. ಮೊದಮೊದಲು ಪ್ರತಿಯೊಂದಕ್ಕೂ ಅಪ್ಪಣೆ ಕೇಳಬೇಕಾದಾಗ ರೇಗುತ್ತಿತ್ತು. ಆಮೇಲೆ ರೇಗಿದಾಗಲೆಲ್ಲ ಪಾರಿವಾಳ ನೆನಪಾಗುತ್ತಿತ್ತು.

ನಷ್ಟವಾದದ್ದು ಅತ್ತೆಗೆ. ಗುಂಡನ ವೀಡಿಯೋ ಇನ್ನಿಲ್ಲ. "ಹೋಗ್ಲಿ ಬಿಡು, ಗುಂಡನೇ ಮುಂದೆ ಇರುವಾಗ ಅವನ ಚಿತ್ರ ಯಾಕೆ," ಎಂದರು. ಆದರೂ ಮಧ್ಯಾಹ್ನ ಮಗು ಮಲಗಿದ ಮೇಲೆ, ಮೆಸೇಜಿನ ಚಿತ್ರ ಇದ್ದ ಖಾಲಿ ಮೂಲೆಯನ್ನು ಒಮ್ಮೊಮ್ಮೆ ಒತ್ತಿ ನೋಡುತ್ತಿದ್ದರು.

ಮನೆಯಲ್ಲಿ ಒಂದು ಹೊಸ ಕಟ್ಟಳೆಯೂ ಬಂತು. ಫೋನಿನ ವಿಷಯದಲ್ಲಿ 'ತೆಗೆ' ಎನ್ನುವಂತಿಲ್ಲ. ನೋಡುವುದಾದರೆ 'ತೆರೆ', ಇಲ್ಲದಂತೆ ಮಾಡುವುದಾದರೆ 'ಒರೆಸು'. ತಪ್ಪಿ ಆಡಿದವರಿಗೆ ಆವತ್ತಿನ ಪಾತ್ರೆ ತೊಳೆಯುವ ಶಿಕ್ಷೆ. ಗಂಡ ಎರಡು ಸಲ ತೊಳೆದ.

ಭಯ ಹೋಯಿತೆಂದಲ್ಲ. ಬೆಳಿಗ್ಗೆ ಹೊರಡುವ ಮುನ್ನ ಅತ್ತೆಯಿಂದ ಒಮ್ಮೆ ತನ್ನ ಮುಖ ಒತ್ತಿಸುತ್ತಿದ್ದಳು. ತನ್ನ ಕೈಯಲ್ಲಿ ಫೋನು ನಡುಗಿದ ಮೇಲಷ್ಟೇ ಹೊಸಿಲು ದಾಟುತ್ತಿದ್ದಳು. ತನ್ನ ಫೋನಿನ ಕಪ್ಪು ಚುಕ್ಕೆಯ ಮೇಲೆ ಒಂದು ಚೂರು ಗುಲಾಬಿ ಮೇಣ ಅಂಟಿಸಿದ್ದಳು. ಪಾಲಿಶ್ ಅಕ್ಕ ನೋಡಿ ನಕ್ಕಳು. ನಗಲಿ ಎಂದುಕೊಂಡಳು.

ಒಂದು ಮಧ್ಯಾಹ್ನ, ದೀಪದಲ್ಲಿ ಕಾಯಿಸಿದ ಚಾಕು ಮೇಣಕ್ಕೆ ತಾಗುತ್ತಿರುವಾಗ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ಅತ್ತೆಯ ಮುಖ.

"ಬಂತು ಕಣೇ."

ಅವಳು ಚಾಕು ಬಿಟ್ಟು ಎದ್ದಳು.

"ಮಗ್ಗುಲಿಗೆ ಮಲಗಿಸಿದೀನಿ. ಬಾಯಿಗೆ ಏನೂ ಹಾಕಿಲ್ಲ. ಎಣಿಸ್ತಾ ಇದೀನಿ."

"ಸ್ಪ್ರೇ?"

"ಕೈಯಲ್ಲೇ ಇದೆ. ಒಂದು ಕಟ್ಟು ಆಯ್ತು. ಹನ್ನೆರಡು, ಹದಿಮೂರು..."

"ಹೊರಟೆ ಅತ್ತೆ. ಡ್ರೈವರಣ್ಣ ಇವತ್ತು ಮನೇಲೇ ಇರ್ತೀನಿ ಅಂದಿದ್ರು, ಪಾಲಿಶ್ ಅಕ್ಕ ಈಗ್ಲೇ ಫೋನ್ ಮಾಡ್ತಾಳೆ. ನೀವು ಬಾಗಿಲು ತೆಗೆದುಬಿಡಿ."

ಆ ಕಡೆ ಎಣಿಕೆ ಒಂದು ಗಳಿಗೆ ನಿಂತಿತು. "ತೆರೀಲೋ, ಒರೆಸ್ಲೋ?"

"ತೆರೀರಿ ಅತ್ತೆ! ಹಾರು ಹೊಡೆದು ತೆರೀರಿ!"

ಕರೆ ಕಡಿಯದೆ, ಫೋನನ್ನು ಕಿವಿಗೆ ಒತ್ತಿಕೊಂಡೇ ಆಟೋ ಹತ್ತಿದಳು. ಚಿಲಕ ಸರಿದ ಸದ್ದು ಕೇಳಿತು. ಹೆಜ್ಜೆ ಸದ್ದು. ಮತ್ತೆ ಎಣಿಕೆ. ಅತ್ತೆ ಅವಸರ ಮಾಡುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಪೆಟ್ಟಿಗೆ ಎಣಿಸುವ ಹಾಗೇ ಎಣಿಸುತ್ತಿದ್ದರು. ಆರು ಕಟ್ಟು. ಒಂದು, ಎರಡು, ಮೂರು. ಅವಳ ತುಟಿಯೂ ಜೊತೆಗೆ ಅಲುಗುತ್ತಿತ್ತು. ಎಂಟು ಕಟ್ಟು. ಸಿಗ್ನಲ್ಲಿನಲ್ಲಿ ಆಟೋ ನಿಂತಿತು. ಒಂಬತ್ತು ಕಟ್ಟು. ಡ್ರೈವರಣ್ಣನ ದನಿ ದೂರದಲ್ಲಿ ಏನೋ ಅಂದ ಹಾಗಾಯಿತು. ಒಂದು, ಎರಡು, ಮೂರು, ನಾಲ್ಕು.

ಎಣಿಕೆ ನಿಂತಿತು.

"ಅತ್ತೆ?"

ಏನೂ ಇಲ್ಲ.

"ಅತ್ತೆ! ಅತ್ತೆ!"

ಆಟೋದವನು ಹಿಂತಿರುಗಿ ನೋಡಿದ. ಫೋನಿನೊಳಗೆ ಬರೀ ಕರಕರ ಸದ್ದು. ಆಮೇಲೆ, ಎಲ್ಲೋ ಆಳದಿಂದ ಕೆರೆದುಕೊಂಡು ಬಂದ ಹಾಗೆ ಒಂದು ಅಳು. ಮೊದಲು ಸಣ್ಣಗೆ, ತಡೆದು ತಡೆದು. ಆಮೇಲೆ ಎದೆ ಬಿರಿಯುವಂತೆ ಜೋರಾಗಿ, ಕೋಪದಿಂದ, ಉಸಿರು ತುಂಬಿಕೊಂಡು.

"ಕೇಳಿಸ್ತಾ ಇದ್ಯಾ?" ಎಂದರು ಅತ್ತೆ.

"ಕೇಳ್ತಿದೆ ಅತ್ತೆ," ಎಂದಳು. ಬೆರಳಿಗೆ ಮೆತ್ತಿದ್ದ ಮೇಣ ಗಟ್ಟಿಯಾಗಿ ಫೋನಿಗೆ ಅಂಟಿಕೊಂಡಿತ್ತು. ಬೀದಿಯ ತಿರುವು ದಾಟಿ, ಹಾರು ಹೊಡೆದ ಬಾಗಿಲು ಕಣ್ಣಿಗೆ ಬೀಳುವವರೆಗೂ ಅವಳು ಅದನ್ನು ಕಿವಿಯಿಂದ ಇಳಿಸಲಿಲ್ಲ.